ಗೋಡೆಗೆ ಮುಖ ಮಾಡಿ ಕುಡಿದ ಕಾಫಿ

ನಿನ್ನೆ ಮಧ್ಯಾಹ್ನ ನಮ್ಮ ಸೊಸೆ ಹುಣಸೇಬೀಜ ಹುರಿದಳು. ನನ್ನ ಮೊಣಕಾಲು ನೋವಿಗೆ ಅದನ್ನು ಪುಡಿ ಮಾಡಿ ಹಾಲಿಗೆ ಹಾಕಿಕೊಂಡು ಕುಡಿದರೆ ಒಳ್ಳೆಯದೆಂದು ಅವಳ ಫೋನಿನಲ್ಲಿ ಯಾರೋ ಹೇಳಿದ್ದರಂತೆ. ಬಾಣಲೆಯಿಂದ ಆ ಸುಟ್ಟ, ಒಗರು ವಾಸನೆ ಹಜಾರಕ್ಕೆ ಬಂದದ್ದೇ ತಡ, ಓದುತ್ತಿದ್ದ ಪೇಪರು ಹಾಗೇ ಮಡಿಲಿಗೆ ಜಾರಿತು. ಬೇರೆಯವರಿಗೆ ಈ ವಾಸನೆಯಿಂದ ಬಾಲ್ಯ ನೆನಪಾದೀತು. ನನಗೆ ನೆನಪಾಗುವುದು ನಂಜನಗೂಡಿನ ಒಂದು ಮೀಟಿಂಗು. ನಗಬೇಡಿ, ಆ ಮೀಟಿಂಗಿನ ನಾಚಿಕೆ ಇನ್ನೂ ನನ್ನನ್ನು ಬಿಟ್ಟಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸು. ಯಳಂದೂರಿನ ಕಡೆಯ ಬೆಟ್ಟದ ಸಣ್ಣ ಕಾಫಿ ಬೆಳೆಗಾರರು, ನಂಜನಗೂಡಿನಲ್ಲಿ ಬೀಜ ಹುರಿದು ಪುಡಿ ಮಾಡುವವರು, ತಿ. ನರಸೀಪುರದ ಹೋಟೆಲಿನವರು, ಮೂರೂ ಕಡೆಯವರು ಸೇರಿ ಒಂದು ಒಕ್ಕೂಟ ಮಾಡಿಕೊಂಡಿದ್ದರು. ಬೆಳೆಯುವವರು ನೆರಳಿನ ಮರ ಕಡಿಯಬಾರದು, ಹಣ್ಣಾದ ಮೇಲೆಯೇ ಕೊಯ್ಯಬೇಕು. ಹಾಗೆ ಬೆಳೆದ ಬೀಜಕ್ಕೆ ಹೋಟೆಲಿನವರು ಪೇಟೆ ಧಾರಣೆಗಿಂತ ಸ್ವಲ್ಪ ಹೆಚ್ಚು ಕೊಡಬೇಕು. ಕೇಳುವುದಕ್ಕೆ ಸುಲಭ. ಮೂರು ಕಡೆಯವರನ್ನು ಒಂದು ಜಮಖಾನೆಯ ಮೇಲೆ ಕೂರಿಸುವ ಕಷ್ಟ ಕಾರ್ಯದರ್ಶಿಯಾಗಿದ್ದ ನನಗೆ ಗೊತ್ತು. ಬೆಟ್ಟದವರ ಬಾಯಲ್ಲಿ ನಾನು ‘ಸೆಕ್ರೆಟ್ರಮ್ಮ’. ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ಕಾರ್ಯದರ್ಶಿ ಎಂದರೆ ಯಾರನ್ನೋ ಕರೆದಂತೆ ಅನಿಸತೊಡಗಿತು.

ಅಧ್ಯಕ್ಷರು ಪುಟ್ಟಬಸಪ್ಪನವರು. ತಿ. ನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರ ಅವರ ಹೋಟೆಲು. ಹಣೆತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಸ್ಟೀಲ್ ಚಮಚ. ಬಂದ ಬೀಜವನ್ನು ಒಪ್ಪಬೇಕೋ ವಾಪಸ್ ಕಳಿಸಬೇಕೋ ಎಂದು ತೀರ್ಮಾನಿಸಲು ಐದು ಜನರ ರುಚಿ ಸಮಿತಿಯಿತ್ತು. ನಾನೂ ಅದರಲ್ಲಿದ್ದೆ. ಲೋಟದಲ್ಲಿ ಪುಡಿ, ಮೇಲೆ ಬಿಸಿನೀರು, ಹಾಲಿಲ್ಲ, ಸಕ್ಕರೆಯಿಲ್ಲ. ಅಧ್ಯಕ್ಷರು ಮೂಗು ಹತ್ತಿರ ತಂದು, ಚಮಚದಲ್ಲಿ ಸುರ್ ಎಂದು ಹೀರಿ, ಕಣ್ಣು ಮುಚ್ಚುತ್ತಿದ್ದರು. ಹುಬ್ಬು ಮೇಲೇರಿದರೆ ಬೀಜ ಪಾಸು, ಗಂಟಿಕ್ಕಿದರೆ ಫೇಲು. ಉಳಿದ ನಾಲ್ವರೂ ಕುಡಿಯುತ್ತಿದ್ದೆವು ನಿಜ, ನೋಡುತ್ತಿದ್ದದ್ದು ಮಾತ್ರ ಆ ಹುಬ್ಬನ್ನು. ‘ಸಮಿತಿ ಒಮ್ಮತದಿಂದ ಒಪ್ಪಿತು’ ಎಂದು ನಾನು ದುಂಡಗೆ ಬರೆಯುತ್ತಿದ್ದೆ. ನನ್ನ ಅಕ್ಷರದ ಬಗ್ಗೆ ನನಗೆ ಜಂಬವೂ ಇತ್ತು.

ಒಂದು ಸಲ ಮಾದಮ್ಮ ಎಂಬಾಕೆಯ ಬೀಜ ಬಂತು. ಬೆಟ್ಟದಲ್ಲಿ ಒಂದು ಎಕರೆಯನ್ನು ಒಬ್ಬಳೇ ನೋಡಿಕೊಳ್ಳುವ ಹೆಂಗಸು. ಮೂರು ಬಸ್ಸು ಬದಲಾಯಿಸಿ ಮೂಟೆಯ ಜೊತೆ ತಾನೇ ಬಂದಿದ್ದಳು. ಅಧ್ಯಕ್ಷರು ಹೀರಿದರು, ತಡೆದರು, ಮತ್ತೆ ಹೀರಿದರು. ಹುಬ್ಬು ಗಂಟಿಕ್ಕಿತು. “ಬೂಷ್ಟು ವಾಸ್ನೆ” ಎಂದರು. ನಾವು ನಾಲ್ವರೂ ತಲೆಯಾಡಿಸಿದೆವು.

“ಚಾಪ ಮ್ಯಾಲ ಒಣಗ್ಸಿದ್ದು ಸಾ. ಇಬ್ನಿ ಬೀಳ್ದಂಗ ದಿನಾ ಎತ್ತಿ ಒಳೀಕ ಮಡಗ್ತಿದ್ದಿ. ಇನ್ನೊಂದ್ ಕಿತ ನೋಡಿ” ಎಂದಳು ಮಾದಮ್ಮ. ಯಾರೂ ನೋಡಲಿಲ್ಲ. ಮೂಟೆ ವಾಪಸ್ಸಾಯಿತು. ಒಕ್ಕೂಟ ಬೇಡವೆಂದ ಬೀಜವನ್ನು ಬೇರೆಯವರೂ ಮುಟ್ಟುವುದಿಲ್ಲವೆಂದು ಆಕೆಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಮುಂದಿನ ತಿಂಗಳ ಮೀಟಿಂಗಿಗೆ ಅಧ್ಯಕ್ಷರು ಒಂದೇ ಒಂದು ಪೊಟ್ಟಣ ತಂದಿದ್ದರು. ನೀರು ಸುರಿದದ್ದೇ ನನ್ನ ಮೂಗಿಗೆ ನಮ್ಮೂರು ಬಿಳಿಗೆರೆಯ ಅಡುಗೆಮನೆ ಬಂದು ನಿಂತಿತು. ನಮ್ಮಜ್ಜಿ ಹುರಿಯುತ್ತಿದ್ದ ಹುಣಸೇಬೀಜ! ಅನುಮಾನವೇ ಇಲ್ಲ. ಅಷ್ಟರಲ್ಲಿ ಅಧ್ಯಕ್ಷರ ಹುಬ್ಬು ಮೇಲೇರಿತು. “ಭೇಷ್!” ಎಂದರು. ಪುಡಿ ಮಿಲ್ಲಿನ ರಾಚಪ್ಪನವರು “ಏನ್ ಘಮ ಸಾರ್” ಎಂದರು. ಇನ್ನಿಬ್ಬರು “ಹೌದೌದು” ಎಂದರು. ನಾನು? “ಚೆನ್ನಾಗಿದೆ” ಎಂದೆ. ಅಷ್ಟೇ ಅಲ್ಲ, ಪುಸ್ತಕದಲ್ಲಿ ಬರೆದೂಬಿಟ್ಟೆ.

ಪುಟ್ಟಬಸಪ್ಪನವರು ಚಮಚ ಕೆಳಗಿಟ್ಟರು.

“ಅರ್ಧಕ್ಕರ್ಧ ಉಣಸೇಬೀಜ ಕಣ್ರಪ್ಪ ಇದು” ಎಂದರು. “ಆವತ್ತು ಜ್ವರ ಬಂದು ಮಲಗಿದ್ನಲ್ಲ, ಆಗ್ಲಿಂದ ನನ್ನ ಮೂಗು ಸತ್ತೋಗ್ಯದೆ. ಎರಡು ತಿಂಗಳಾಯ್ತು. ಮಲ್ಲಿಗೆ ಊವೂ ಒಂದೇ, ಸೀಮೆಎಣ್ಣೆನೂ ಒಂದೇ. ಯೋಳ್ಕೊಳಕ್ಕೆ ನಾಚ್ಕೆ ಆಯ್ತು. ಆ ಎಣ್ಮಗಳ ಬೀಜ ಬೂಷ್ಟು ಅಂದಿದ್ದು ಬರೀ ಅಂದಾಜು. ಇನ್ನೂ ನಾಲ್ಕು ಜನ ಇದಾರಲ್ಲ, ನಾ ತಪ್ಪಿದ್ರೆ ಒಬ್ರಾದ್ರೂ ಇಡೀತಾರೆ ಅಂದ್ಕೊಂಡಿದ್ದೆ.”

ಆಮೇಲೆ ಅವರು ನನ್ನ ಕಡೆ ತಿರುಗಿದರು.

“ಸೆಕ್ರೆಟ್ರಮ್ಮ, ನಿಮ್ಮೂರು ಬಿಳಿಗೆರೆ ಅಲ್ವಾ? ಅಲ್ಲಿ ಮನೆಮನೇಲೂ ಉಣಸೇಬೀಜ ಉರೀತಾರೆ. ನಿಮಗೂ ಗೊತ್ತಾಗ್ಲಿಲ್ವಾ?”

“ಗೊತ್ತಾಯ್ತು ಸಾರ್.”

“ಮತ್ತೆ?”

“ನೀವು ಭೇಷ್ ಅಂದ್ರಲ್ಲ ಸಾರ್. ನಿಮ್ಮ ಮೇಲಿನ ಗೌರವಕ್ಕೆ…”

“ಗೌರವ ಇದ್ದಿದ್ರೆ ಯೋಳ್ಬೇಕಾಗಿತ್ತು ಕಣಮ್ಮ” ಎಂದರು. ಗದರಲಿಲ್ಲ. ಗದರಿದ್ದರೆ ಇಷ್ಟು ವರ್ಷ ನೆನಪಿನಲ್ಲಿ ಉಳಿಯುತ್ತಿರಲಿಲ್ಲವೋ ಏನೋ.

ಮಾರನೆಯ ದಿನವೇ ಅವರೂ ನಾನೂ ಬಸ್ಸು ಹತ್ತಿ ಬೆಟ್ಟಕ್ಕೆ ಹೋದೆವು. ಮಾದಮ್ಮನ ಮೂಟೆ ಬಿಚ್ಚದೆ ಹಾಗೇ ಮೂಲೆಯಲ್ಲಿತ್ತು. ಅವಳ ಒಲೆಯ ಮೇಲೆಯೇ ಒಂದು ಹಿಡಿ ಹುರಿದು, ಕುಟ್ಟಿ, ನೀರು ಹಾಕಿದೆವು. ನಾನು ಕುಡಿದೆ. ಬೂಷ್ಟಿನ ಸುಳಿವೇ ಇರಲಿಲ್ಲ. ಆ ವರ್ಷ ನಾನು ಕುಡಿದದ್ದರಲ್ಲಿ ಅದೇ ಒಳ್ಳೆಯ ಕಾಫಿ. ಹಾಗೆಂದು ಬಾಯಿಬಿಟ್ಟು ಹೇಳಿದೆ. ಪುಟ್ಟಬಸಪ್ಪನವರು ಎದ್ದು ನಿಂತು, “ನಂದು ತಪ್ಪಾಯ್ತು ಕಣವ್ವ” ಎಂದು ಕೈಮುಗಿದರು.

ಮಾದಮ್ಮ ಅವರನ್ನು ಅಷ್ಟು ಸುಲಭವಾಗಿ ಬಿಡಲಿಲ್ಲ. “ನಂಗ ಗೊತ್ತಾಯ್ತಿಲ್ಲ ಅಂತ ಅವತ್ತೇ ಒಂದ್ ಮಾತ ಯೋಳಿದ್ರ ಆಗೋಗ್ತಿತ್ತಲ್ಲ ಸಾ. ನಾ ಬಸ್ನಲ್ಲಿ ಅಳ್ತಾ ಬಂದಿ” ಎಂದಳು. ಅವರು ತಲೆ ತಗ್ಗಿಸಿಕೊಂಡೇ ಕೇಳಿಸಿಕೊಂಡರು.

ಮುಂದಿನ ಮೀಟಿಂಗಿನಲ್ಲಿ ರಾಜೀನಾಮೆ ಪತ್ರ ತಂದರು. ನಾವು ಬೇಡವೆಂದೆವು, ಅದೂ ಮೊದಲ ಸಲ ಅವರ ಹುಬ್ಬು ನೋಡದೆ. ಉಳಿಯುವುದಾದರೆ ತಮ್ಮದೂ ಕೆಲವು ಷರತ್ತುಗಳಿವೆ ಎಂದರು. ರುಚಿ ನೋಡುವವರು ಗೋಡೆಗೆ ಮುಖ ಮಾಡಿ ಕೂರಬೇಕು. ಬರೆದಿಟ್ಟ ಮೇಲೆಯೇ ಬಾಯಿ ಬಿಡಬೇಕು. ಅಧ್ಯಕ್ಷ ಕೊನೆಗೆ ಮಾತಾಡಬೇಕು. ಸಮಿತಿಯಲ್ಲಿ ಕಾಫಿ ಬೆಳೆಯುವವರೂ ಒಬ್ಬರಿರಬೇಕು. ತಮ್ಮ ಚಮಚವನ್ನು, ಅವತ್ತು ಕರೆಸಿದ್ದ ಮಾದಮ್ಮನ ಕೈಗೆ ಕೊಟ್ಟರು. ಅಲ್ಲಿಂದ ಮುಂದೆ ಲೋಟಗಳಿಗೆ ಬಿಸಿನೀರು ಸುರಿಯುವುದಷ್ಟೇ ಅವರ ಕೆಲಸ. ಇಸ್ತ್ರಿ ಅಂಗಿಯ ತೋಳು ಮಡಿಸಿ, ಒಂದು ಹನಿ ಚೆಲ್ಲದಂತೆ ಸುರಿಯುತ್ತಿದ್ದರು. ಗೋಡೆ ನೋಡುತ್ತ ಕೂತ ನಮ್ಮನ್ನು ಕಂಡು ಬಾಗಿಲಲ್ಲಿ ಹೋಗುವವರು ನಗುತ್ತಿದ್ದರು. ಮೊದಲ ದಿನವೇ ಐದು ಚೀಟಿಯಲ್ಲಿ ಐದು ಅಭಿಪ್ರಾಯ ಬಂದು ದೊಡ್ಡ ಜಗಳವಾಯಿತು. ಅವರು ಅಷ್ಟು ಸಂತೋಷಪಟ್ಟದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅಂಥವರ ಕೈಕೆಳಗೆ ಕೆಲಸ ಮಾಡಿದ್ದು ನನ್ನ ಪುಣ್ಯ.

ಇದನ್ನೆಲ್ಲ ನೆನೆಯುತ್ತ ಕೂತಿದ್ದಾಗ ಸೊಸೆ ಎರಡು ಲೋಟ ಕಾಫಿ ತಂದಳು. ನಮ್ಮ ಮನೆಯಲ್ಲಿ ಡಿಕಾಕ್ಷನ್ ಹಾಕುವ ಅಧಿಕಾರ ನನ್ನದು. ಹಾಲು ಬೆರೆಸುವುದು ಅವಳು. ಒಂದು ಗುಟುಕು ಕುಡಿದು ತಲೆಯೆತ್ತಿದರೆ, ಅವಳು ತನ್ನ ಲೋಟ ಮುಟ್ಟದೆ ನನ್ನ ಮುಖವನ್ನೇ ನೋಡುತ್ತಿದ್ದಾಳೆ. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕು ವರ್ಷ ನಾನೂ ಹಾಗೇ ನೋಡಿದವಳಲ್ಲವೇ?

ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡೆ. “ನೀನು ಕುಡಿದು ಮೊದಲು ಹೇಳಮ್ಮ, ಹೇಗಿದೆ?”

ಬೆನ್ನ ಹಿಂದೆ ಸುರ್ ಎಂದು ಹೀರುವ ಸದ್ದು ಕೇಳಿತು.

“ಹೇಳ್ಲಾ ಅತ್ತೆ? ಬೇಜಾರ್ ಮಾಡ್ಕೋಬಾರ್ದು. ಡಿಕಾಕ್ಷನ್ ನೀರು ನೀರು.”

“ಇವತ್ತಾ?”

“ನಾನು ಮದುವೆ ಆಗಿ ಬಂದಾಗಿನಿಂದ.”

ಗೋಡೆ ನೋಡಿಕೊಂಡೇ ಉಳಿದದ್ದನ್ನು ಕುಡಿದೆ. ನಿಜ, ನೀರು ನೀರಾಗಿಯೇ ಇತ್ತು.

“ನಾಳೆಯಿಂದ ಪುಡಿ ನೀನು ಹಾಕು” ಎಂದೆ. “ಬಿಸಿನೀರು ನಾನು ಸುರೀತೀನಿ.”