ಚರೆಯೋ ಗುಂಡೋ

ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿ ಆಯುಷ್ಯದ ಬಹುಪಾಲು ಕಳೆದ ಆ ಹೆಂಗಸನ್ನು ಊರೆಲ್ಲ ಸೂಜಿಯಮ್ಮ ಎಂದೇ ಕರೆಯುತ್ತಿತ್ತು. ಹೆಸರಿಟ್ಟವರು ಮಕ್ಕಳು. ಬೀದಿಯಲ್ಲಿ ಆಕೆ ಎದುರಾದರೆ ಎರಡೂ ಕೈಯಿಂದ ಕುಂಡಿ ಮುಚ್ಚಿಕೊಂಡು ಓಡುತ್ತಿದ್ದವು. ಗಂಡ ಅದೇ ಊರಿನ ಶಾಲೆಯ ಡ್ರಿಲ್ ಮೇಷ್ಟ್ರು. ಅವರು ಮೈದಾನದಲ್ಲಿ ನಿಂತು ‘ಅಟೆನ್ಷನ್’ ಎಂದರೆ ಆಸ್ಪತ್ರೆಯ ಮಂಚದ ಮೇಲಿನ ರೋಗಿಗಳೂ ಕಾಲು ಜೋಡಿಸಿಕೊಳ್ಳುತ್ತಾರೆ ಎಂದು ಡಾಕ್ಟರು ನಗೆಯಾಡುತ್ತಿದ್ದರು.

ಇಬ್ಬರೂ ನಿವೃತ್ತರಾದ ಮೇಲೆ ಊರಿನ ಕೊನೆಯ ಬೀದಿ ದಾಟಿ, ಕುರುಚಲು ಗುಡ್ಡದ ಬುಡದಲ್ಲಿ ಒಂದು ತುಂಡು ಹೊಲ ಮಾಡಿಕೊಂಡರು. ಅದರ ತಲೆಗೆ ಎರಡು ಕೋಣೆಯ ಮನೆ. ಹೊಲದಲ್ಲಿ ಗೆಣಸು, ಕಡಲೆಕಾಯಿ. ಗುಡ್ಡದಿಂದ ಕಾಡುಹಂದಿ ಇಳಿಯುತ್ತಿದ್ದವು. ಮೇಷ್ಟ್ರ ಬಳಿ ಅಪ್ಪನ ಕಾಲದ ಒಂದು ಒಂಟಿನಳಿಗೆಯ ಕೋವಿಯೂ ಅದಕ್ಕೆ ಪರವಾನಗಿಯೂ ಇದ್ದವು. ತಮ್ಮ ಹೊಲವನ್ನಷ್ಟೇ ಅಲ್ಲ, ಅಕ್ಕಪಕ್ಕದವರದ್ದನ್ನೂ ಅವರೇ ಕಾಯುತ್ತಿದ್ದರು. ಸೂಜಿಯಮ್ಮ ಆ ಕೋವಿಯನ್ನು ಮುಟ್ಟಿ ನೋಡಿದವಳೂ ಅಲ್ಲ. ಕೋವಿಯ ವಿಷಯ ಅವರದ್ದು, ಗಾಯದ ವಿಷಯ ತನ್ನದು ಎಂದು ಇದ್ದುಬಿಟ್ಟಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಮೇಷ್ಟ್ರ ಕೈಯಿಂದ ಬ್ರಷ್ ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದವರು ಹಾಗೇ ಬಲಕ್ಕೆ ವಾಲಿ ಬಿದ್ದರು. ಪ್ರಾಣ ಉಳಿಯಿತು. ಬಲಗೈ, ಬಲಗಾಲು ಹೋದವು, ಮಾತೂ ಹೋಯಿತು. ಪೂರ್ತಿ ಹೋಗಲಿಲ್ಲ ಅನ್ನಬೇಕು. ಅಷ್ಟು ಮಾತುಗಳಲ್ಲಿ ‘ಬೇಡ’ ಎನ್ನುವ ಒಂದು ಮಾತ್ರ ನಾಲಿಗೆಗೆ ಅಂಟಿಕೊಂಡು ಉಳಿಯಿತು. ನೀರು ಬೇಕೇ ಎಂದು ಕೇಳಿದರೆ ‘ಬೇಡ’ ಎನ್ನುತ್ತಲೇ ಬಾಯಿ ತೆರೆಯುತ್ತಿದ್ದರು. ಹೊದಿಕೆ ಹೊದಿಸಿದರೆ ‘ಬೇಡ ಬೇಡ’ ಎಂದು ಅದನ್ನೇ ಎಡಗೈಯಲ್ಲಿ ಎದೆಗೆ ಎಳೆದುಕೊಳ್ಳುತ್ತಿದ್ದರು. ಕೆಲವೊಮ್ಮೆ ‘ಬೇಡ’ ಎಂದರೆ ಬೇಡವೇ ಆಗಿರುತ್ತಿತ್ತು.

“ಭಾವಾ, ಇಷ್ಟು ವರ್ಷ ಅಕ್ಕನ ಎದುರು ಬಾಯಿಗೆ ಬರದೇ ಇದ್ದ ಮಾತು, ಈಗ ಅದೊಂದೇ ಬರ್ತಿದೆಯಲ್ಲಾ!” ಎಂದು ಸೂಜಿಯಮ್ಮನ ತಮ್ಮ ಚೇಷ್ಟೆ ಮಾಡಿದಾಗ ಮೇಷ್ಟ್ರು ಅರ್ಧ ಬಾಯಲ್ಲಿ ನಕ್ಕರು. ಅವನು ಲಾರಿ ಮೆಕ್ಯಾನಿಕ್ಕು. ಕೈಗೆ ಗ್ರೀಸು, ಬಾಯಿಗೆ ಬಿಡುವಿಲ್ಲದ ಮಾತು. ಅವನು ಹೋದ ಮೇಲೆ ಆಕೆ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಕೋವಿ ಸುಮ್ಮನಾದದ್ದು ಹಂದಿಗಳಿಗೆ ತಿಳಿಯಲು ಬಹಳ ಕಾಲ ಬೇಕಾಗಲಿಲ್ಲ. ಮೊದಲು ಒಂದೆರಡು ಬಂದವು, ಆಮೇಲೆ ಸಂಸಾರ ಸಮೇತ ಬಂದವು. ತಗಡಿನ ಡಬ್ಬ ಕಟ್ಟಿದಳು, ಪಟಾಕಿ ಹಚ್ಚಿದಳು, ಹಳೆಯ ಸೀರೆಗಳನ್ನು ಬೇಲಿಯ ಉದ್ದಕ್ಕೂ ಬಿಗಿದಳು. ಹಂದಿಗಳು ಸೀರೆ ಹರಿದುಕೊಂಡು ಬಂದು ಗೆಣಸು ಉತ್ತು ಹಾಕಿದವು. ಒಂದು ದಿನ ಬೆಳಗಾಗುವ ಹೊತ್ತಿಗೆ ಹಾಲಿನವನು ಬೇಲಿಯ ತಿರುವಿನಲ್ಲಿ ಒಂಟಿ ಸಲಗಕ್ಕೆ, ಕೋರೆ ಬಲಿತ ಗಂಡುಹಂದಿಗೆ, ಎದುರಾದ. ಕಿರುಚಿದ್ದು ಕೇಳಿ ಸೂಜಿಯಮ್ಮ ಓಡಿದಾಗ ಅವನ ತೊಡೆ ಬ್ಲೇಡಿನಲ್ಲಿ ಸೀಳಿದಂತೆ ತೆರೆದುಕೊಂಡಿತ್ತು. ತನ್ನ ಸೆರಗನ್ನೇ ಹರಿದು ಬಿಗಿಯಾಗಿ ಕಟ್ಟಿ, ಗಾಯದ ಮೇಲೆ ಮಂಡಿಯೂರಿ ಒತ್ತಿ ಹಿಡಿದು ಕೂತಳು. ಅವನು ಬದುಕಿದ. ಆದರೆ ಆ ದಾರಿಗೆ ಮತ್ತೆ ಹಾಲು ಬರಲಿಲ್ಲ.

ಇನ್ನು ಕೋವಿ ಇಲ್ಲದೆ ಆಗದು ಎಂದು ಆಗಲೇ ಅನ್ನಿಸಿದ್ದು. ಪರವಾನಗಿ ತನ್ನ ಹೆಸರಿಗೆ ಮಾಡಿಸಿಕೊಂಡು, ಪೊಲೀಸರ ತರಬೇತಿಯಲ್ಲಿ ಹೊಡೆಯುವುದನ್ನೂ ಕಲಿತಳು. ಹಳೆಯ ಕೋವಿಯನ್ನು ರಿಪೇರಿಗೆ ಒಯ್ದರೆ ಬಂದೂಕಿನಂಗಡಿಯ ಯಜಮಾನರು ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ ತಲೆ ಅಲ್ಲಾಡಿಸಿದರು. ಒಳಗೆಲ್ಲ ತುಕ್ಕು ತಿಂದು ಗುಳಿ ಬಿದ್ದಿತ್ತು. “ಇದನ್ನ ಹಾರಿಸಿದ್ರೆ ಹಂದಿಗೆ ಏನಾಗುತ್ತೋ ಗೊತ್ತಿಲ್ಲ ತಾಯಿ, ನಿಮ್ಮ ಮುಖ ಮಾತ್ರ ಉಳಿಯಲ್ಲ,” ಎಂದರು.

ಹೊಸದು ಕೊಳ್ಳಲು ತಮ್ಮನೇ ಕರೆದುಕೊಂಡು ಹೋದ. ಅಂಗಡಿಯ ಒಳಕೋಣೆಯಲ್ಲಿ ಎಣ್ಣೆಯ ವಾಸನೆ, ಗೋಡೆಗೆ ಸರಪಳಿ ಹಾಕಿ ನಿಲ್ಲಿಸಿದ ಬಂದೂಕುಗಳು. ಯಜಮಾನರು ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ ಎರಡನ್ನು ಪಕ್ಕಪಕ್ಕದಲ್ಲಿ ಮಲಗಿಸಿದರು. ಒಂದು ಜೋಡುನಳಿಗೆಯ ಶಾಟ್‌ಗನ್. ಇನ್ನೊಂದು ತೆಳ್ಳಗಿನ ಉದ್ದ ಮೂತಿಯ ರೈಫಲ್.

“ಪರವಾನಗಿ ಇರೋದು ಒಂದಕ್ಕೆ. ಯಾವುದು ಕೊಡ್ಲಿ?”

“ಏನು ವ್ಯತ್ಯಾಸ, ಅದನ್ನ ಮೊದಲು ಹೇಳಿ,” ಎಂದಳು ಸೂಜಿಯಮ್ಮ.

“ಇದ್ರಲ್ಲಿ ಚರೆ,” ಎಂದು ಅವರು ಶಾಟ್‌ಗನ್ನಿನ ತೋಟಾವನ್ನು ಬಿಚ್ಚಿ ಅಂಗೈಗೆ ಸುರಿದರು. ಬಟಾಣಿಯಂಥ ಸೀಸದ ಕಾಳುಗಳು ಉರುಳಿದವು. “ಎಲ್ಲಾ ಒಟ್ಟಿಗೆ ಹರಡಿಕೊಂಡು ಹೋಗುತ್ತೆ. ಗುರಿ ಸ್ವಲ್ಪ ಆಚೀಚೆ ಆದ್ರೂ ತಾಗುತ್ತೆ. ಆದ್ರೆ ಹತ್ತಿರ ಹೋಗಿಯೇ ಹೊಡೀಬೇಕು. ದೂರದಿಂದ ಹೊಡೆದ್ರೆ ಹಂದಿ ಸಾಯಲ್ಲ, ನರಳುತ್ತೆ. ರೈಫಲ್ಲಿಂದು ಒಂದೇ ಗುಂಡು. ಹೊಲದ ಈ ತುದೀಲಿ ಕೂತು ಆ ತುದೀಲಿರೋದನ್ನ ಉರುಳಿಸಬಹುದು. ತಾಗಿದ್ರೆ ಅಲ್ಲೇ ಮುಗೀತು.”

“ತಾಗದೇ ಹೋದ್ರೆ?”

“ಹೋಗ್ತಾ ಇರುತ್ತೆ.”

“ಎಲ್ಲೀವರೆಗೆ?”

ಯಜಮಾನರು ಗಡ್ಡ ಕೆರೆದುಕೊಂಡರು. “ಏನಾದ್ರೂ ಅಡ್ಡ ಬರೋವರೆಗೆ.”

ತಮ್ಮನಿಗೆ ತಾಳ್ಮೆ ಇರಲಿಲ್ಲ. “ಅಕ್ಕಾ, ಕಣ್ಣು ಮುಚ್ಚಿಕೊಂಡು ರೈಫಲ್ ತಗೋ. ಆ ಸಲಗದ ಹತ್ತಿರ ಹೋಗಿ ಹೊಡೀತೀಯಾ ನೀನು? ಹಾಲಿನವನ ತೊಡೆ ನೋಡಿಲ್ವಾ?”

ನೋಡಿದ್ದಳು. ಆದರೆ ಆಸ್ಪತ್ರೆಯಲ್ಲಿ ಚರೆ ಹೊಕ್ಕ ಮೈಗಳನ್ನೂ ನೋಡಿದ್ದಳು. ಇಕ್ಕಳ ಹಿಡಿದು ಒಂದೊಂದಾಗಿ ಹೊರಗೆ ತೆಗೆದು ತಟ್ಟೆಗೆ ಹಾಕುವಾಗ ಬರುವ ಟಣ್ ಎನ್ನುವ ಸದ್ದು ಕಿವಿಯಲ್ಲಿತ್ತು. ಹೊಲದ ಕೆಳಗೆ, ಮೊದಲು ಬರೀ ಪಾಳು ಇದ್ದ ಕಡೆ, ಈಗ ಮನೆಗಳೆದ್ದಿದ್ದವು. ಅದೂ ಕಣ್ಣ ಮುಂದೆ ಬಂತು. “ಅವರನ್ನ ಒಂದು ಮಾತು ಕೇಳಿ ಬರ್ತೀನಿ,” ಎಂದು ಎದ್ದಳು.

“ಯಾರನ್ನ? ಭಾವನನ್ನಾ?” ಎಂದ ತಮ್ಮ.

ಮನೆಗೆ ಬಂದು ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ ಗಂಡನ ಎದುರು ಕೂತಳು. ಸ್ಲೇಟು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಎರಡನ್ನೂ ಬರೆದಳು. ಚಿತ್ರ ಬರೆದು ಗೊತ್ತಿದ್ದವಳಲ್ಲ. ಒಂದು ಲಟ್ಟಣಿಗೆಯಂತೆ, ಇನ್ನೊಂದು ಕೊಡೆಯಂತೆ ಬಂತು.

“ರೀ, ಇದು ಶಾಟ್‌ಗನ್ನು. ಇದು ರೈಫಲ್ಲು. ನಮ್ಮ ಹೊಲಕ್ಕೆ ಯಾವುದು ಸರಿ? ಬೆರಳಿಟ್ಟು ತೋರಿಸಿ ಸಾಕು.”

ಮೇಷ್ಟ್ರ ಕಣ್ಣು ಹೊಳೆಯಿತು. ಹೇಳಬೇಕಾದ್ದು ಒಳಗೆ ರಾಶಿಯಾಗಿದೆ ಎನ್ನುವುದು ಮುಖದ ಮೇಲೇ ಕಾಣುತ್ತಿತ್ತು. ಎಡಗೈ ಎತ್ತಿದರು. ಬೆರಳು ಹಲಗೆಯ ಮೇಲೆ ಒಂದರಿಂದ ಇನ್ನೊಂದಕ್ಕೆ ಅಲೆಯಿತು, ಎಲ್ಲೂ ನಿಲ್ಲಲಿಲ್ಲ, ಕಿಟಕಿಯ ಕಡೆಗೆ ಹೋಯಿತು, ಮತ್ತೆ ತಿರುಗಿ ಬಂತು.

“ಬೇಡ,” ಎಂದರು.

“ಶಾಟ್‌ಗನ್ ಬೇಡ್ವಾ?”

“ಬೇಡ.”

“ಹಾಗಾದ್ರೆ ರೈಫಲ್ಲಾ?”

“ಬೇಡ. ಬೇಡ.”

“ಕೋವೀನೇ ಬೇಡ್ವಾ? ಹೊಲ ಬಿಟ್ಬಿಡೋಣ್ವಾ?”

“ಬೇಡ!” ಎಂದು ಅವರು ಕೂಗಿದರು. ಮೈದಾನದ ಆ ಹಳೆಯ ಗಂಟಲೇ ಒಂದು ಕ್ಷಣ ಬಂದು ಹೋಯಿತು. ಹಲಗೆಯನ್ನು ಎಡಗೈಯಿಂದ ತಳ್ಳಿದರು. ಅದು ನೆಲಕ್ಕೆ ಬಿದ್ದು ಎರಡಾಯಿತು. ಅವರ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಆಕೆ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, “ಆಯ್ತು ಬಿಡಿ, ಆಯ್ತು,” ಎಂದಳು. ಏನು ಆಯ್ತು ಎಂಬುದು ಆಕೆಗೂ ಗೊತ್ತಿರಲಿಲ್ಲ.

ಸಂಜೆ ಹೊಲದ ಕೆಳಗಿನ ಅಂಚಿಗೆ ಇಳಿದು ಹೋದಳು. ಹಂದಿ ಬರುವ ಜಾಡಿನಲ್ಲಿ ನಿಂತು, ಗುಂಡು ಹೋಗುವ ದಿಕ್ಕಿಗೆ ನೋಡಿದಳು. ನೇರಕ್ಕೆ ಒಂದು ನೀಲಿ ಬಣ್ಣದ ಮನೆ. ಹಿತ್ತಿಲಿನ ಹಗ್ಗದ ಮೇಲೆ ಪುಟ್ಟ ಪುಟ್ಟ ಚಡ್ಡಿಗಳು ಒಣಗುತ್ತಿದ್ದವು. ಒಬ್ಬ ಹೆಂಗಸು ಅವನ್ನು ತೆಗೆದು ಹೆಗಲ ಮೇಲೆ ಹಾಕಿಕೊಳ್ಳುತ್ತಾ ಇವಳನ್ನು ಕಂಡು ಕೈ ಬೀಸಿದಳು. ಸೂಜಿಯಮ್ಮನೂ ಕೈ ಬೀಸಿದಳು. ಮರುದಿನ ಹೋಗಿ ಶಾಟ್‌ಗನ್ ತಂದಳು.

ಸಲಗ ಬಂದದ್ದು ಮುಂಜಾವಿನಲ್ಲಿ, ಮಂಜು ಇನ್ನೂ ಹೊಲದ ಮೇಲೆ ಮಲಗಿದ್ದಾಗ. ಆಕೆ ಬದುವಿನ ಹಿಂದೆ ಕೂತಿದ್ದಳು. ಹತ್ತಿರ ಬರಲಿ, ಇನ್ನೂ ಹತ್ತಿರ ಬರಲಿ ಎಂದು ಉಸಿರು ಬಿಗಿಹಿಡಿದು ಕಾದಳು. ಅದು ಬರಲಿಲ್ಲ, ಅಲ್ಲೇ ನಿಂತು ಗಾಳಿ ಮೂಸಿ, ಮೂತಿ ಇವಳ ಕಡೆಗೆ ತಿರುಗಿಸಿತು. ಸ್ವಲ್ಪ ದೂರವೇ ಎಂದು ತಿಳಿದಿದ್ದೂ ಹಾರಿಸಿಬಿಟ್ಟಳು.

ಹಂದಿ ಬೀಳಲಿಲ್ಲ. ಹಿಂಗಾಲು ಎಳೆದುಕೊಂಡು ಹಳ್ಳದ ಪಕ್ಕದ ಜೊಂಡಿನೊಳಗೆ ನುಗ್ಗಿತು. ಗೆಣಸಿನ ಎಲೆಗಳ ಮೇಲೆ ರಕ್ತ ಗೆರೆ ಎಳೆದಂತೆ ಚೆಲ್ಲಿತ್ತು.

ಫೋನು ಮಾಡಿದ ಕೂಡಲೇ ತಮ್ಮ ಬಂದ. ಆ ಜೊಂಡಿನೊಳಗೆ ಕಾಲಿಡುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಜೊಂಡು ಆಳೆತ್ತರ, ಒಳಗೆ ಎರಡು ಮೊಳದಾಚೆ ಕಾಣುತ್ತಿರಲಿಲ್ಲ. ಸದ್ದು ಮಾತ್ರ ಕೇಳುತ್ತಿತ್ತು. ಅರಣ್ಯದವರಿಗೆ ಹೇಳಿ ಕಳಿಸಿದರು. ನಾಳೆ ಬರುತ್ತೇವೆ ಎಂದರು. ಆ ನರಳಾಟ ಬಿಸಿಲೇರಿದ ಮೇಲೂ ನಿಲ್ಲಲಿಲ್ಲ, ಮಧ್ಯಾಹ್ನವೂ ನಿಲ್ಲಲಿಲ್ಲ. ಸೂಜಿಯಮ್ಮ ಎಷ್ಟೋ ಜನರ ಕೊನೆಗಾಲದಲ್ಲಿ ಪಕ್ಕದಲ್ಲಿ ನಿಂತವಳು. ನೋವಿಗೆ ಏನಾದರೂ ಕೊಡಿ ಡಾಕ್ಟ್ರೇ ಎಂದು ಜಗಳವಾಡಿ ಸೂಜಿ ಚುಚ್ಚಿದವಳು. ಈಗ ಜೊಂಡಿನ ಅಂಚಿನಲ್ಲಿ ಕೋವಿ ಹಿಡಿದು ಅತ್ತಿಂದಿತ್ತ ನಡೆದಳು. ಸದ್ದಿನ ದಿಕ್ಕಿಗೆ ಒಮ್ಮೆ ಹಾರಿಸಿದಳು. ಸದ್ದು ಜೋರಾಯಿತು. ಮತ್ತೆ ಹಾರಿಸಲಿಲ್ಲ.

“ರೈಫಲ್ ತಗೊಂಡಿದ್ರೆ...” ಎಂದು ತಮ್ಮ ಬಾಯಿ ತೆರೆದ. ಅಕ್ಕನ ಮುಖ ನೋಡಿ, “ನಾನು ಹೋಗಿ ಭಾವನಿಗೆ ಊಟ ಮಾಡಿಸ್ತೀನಿ,” ಎಂದು ಎದ್ದು ಹೋದ.

ಮೇಷ್ಟ್ರು ಉಣ್ಣಲಿಲ್ಲ. ಕಿಟಕಿ ಮುಚ್ಚಿದರೆ ಒಪ್ಪಲಿಲ್ಲ, ತೆರೆದರೂ ಒಪ್ಪಲಿಲ್ಲ. ಸಂಜೆಗೆ ನೀಲಿ ಮನೆಯ ಹೆಂಗಸು ಮಗುವನ್ನು ಎತ್ತಿಕೊಂಡು ಬಂದಳು.

“ಅಮ್ಮಾ, ಬೆಳಿಗ್ಗೆ ಸದ್ದು ಕೇಳಿ ಇವನು ಹೆದರಿಬಿಟ್ಟ. ಆ ಗುಂಡು ನಮ್ಮನೇವರೆಗೆ ಬರೋವಂಥದ್ದಾ?”

“ಇಲ್ಲಮ್ಮ. ಬರಲ್ಲ. ಅದಕ್ಕೇ ಇದನ್ನ ತಗೊಂಡೆ.”

“ಬದುಕಿಕೊಂಡ್ವಿ,” ಎಂದಳು ಅವಳು. ಆಮೇಲೆ ಜೊಂಡಿನ ಕಡೆ ಕಿವಿಗೊಟ್ಟು, “ಅದೇನು ಸದ್ದು? ಯಾರಾದ್ರೂ ಅಳ್ತಿದಾರಾ?” ಎಂದು ಕೇಳಿದಳು.

ಕತ್ತಲಾಗುವ ಮೊದಲು ಸದ್ದು ನಿಂತಿತು.

ಹಂದಿಗಳ ಹಿಂಡು ಕೆಲವು ದಿನ ಬರಲಿಲ್ಲ. ಆಮೇಲೆ ಬರಲು ಶುರುವಾಯಿತು. ಸೂಜಿಯಮ್ಮ ಆಕಾಶಕ್ಕೆ ಹಾರಿಸಿದರೆ ಮೊದಮೊದಲು ಓಡುತ್ತಿದ್ದವು, ಬರಬರುತ್ತಾ ತಲೆಯೆತ್ತಿ ನೋಡಿ ಮತ್ತೆ ಮೇಯುತ್ತಿದ್ದವು. ಬದಲಾಯಿಸಿಕೊಡಿ ಎಂದು ಅಂಗಡಿಗೂ ಹೋದಳು. ಯಜಮಾನರು ಅದೇ ಹಸಿರು ಬಟ್ಟೆ ಹಾಸಿ ರೈಫಲ್ ಇಟ್ಟರು. ಆಕೆ ಅದರ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತಳು. “ಇನ್ನೊಂದು ದಿನ ಬರ್ತೀನಿ,” ಎಂದು ಎದ್ದು ಬಂದಳು. ಹೋಗಲಿಲ್ಲ.

ಮುಂದಿನ ಬಿತ್ತನೆಗೆ ಹೊಲ ಪಾಳು ಬಿಡು ಎಂದ ತಮ್ಮ. ಆದರೆ ಬರೀ ನೆಲ ಕಂಡ ದಿನವೆಲ್ಲ ಮೇಷ್ಟ್ರು ಕಿಟಕಿಗೆ ಬೆನ್ನು ಮಾಡಿ ಕೂರುತ್ತಿದ್ದರು, ಅಥವಾ ಆಕೆಗೆ ಹಾಗೆನ್ನಿಸುತ್ತಿತ್ತು. ಮತ್ತೆ ಗೆಣಸೇ ನೆಟ್ಟಳು.

ಬಳ್ಳಿ ಹಬ್ಬಿದ ಮೇಲೆ ಒಂದು ಬೆಳಗಿನ ಜಾವ ಕೋವಿ ತೊಡೆಯ ಮೇಲಿಟ್ಟುಕೊಂಡು ಬದುವಿನ ಮೇಲೆ ಕೂತಿದ್ದಳು. ಒಂದು ಹೆಣ್ಣುಹಂದಿ, ಹಿಂದೆ ಗೀರು ಗೀರಿನ ಮರಿಗಳು, ಆಕೆಯ ತೀರ ಹತ್ತಿರಕ್ಕೇ ಬಂದವು. ಚರೆಗೆ ತಪ್ಪದ ದೂರ. ಕೋವಿ ಎತ್ತಿ ಕೆನ್ನೆಗೆ ಹಚ್ಚಿದಳು. ತಾಯಿ ಮಣ್ಣಿಗೆ ಮೂತಿ ಹಾಕಿ ಒಂದು ಗೆಣಸು ಎತ್ತಿ ಹಾಕಿತು. ಮರಿಗಳು ಅದಕ್ಕೆ ಮುಗಿಬಿದ್ದವು. ನಳಿಗೆ ಮೆಲ್ಲಗೆ ಕೆಳಗಿಳಿಯಿತು. ಅವು ಒಂದು ಸಾಲು ಮುಗಿಸಿ ಇನ್ನೊಂದು ಸಾಲಿಗೆ ಹೋದವು, ಬೆಳಕು ಹರಿಯುವ ತನಕ ತಿಂದವು. ಆಕೆ ನೋಡುತ್ತಾ ಕೂತಿದ್ದಳು. ಒಳಗೆ ಎಚ್ಚರವಾದ ಮೇಷ್ಟ್ರು ‘ಬೇಡ, ಬೇಡ’ ಎಂದು ಆಕೆಯನ್ನು ಕರೆಯುತ್ತಿದ್ದರು.