ನಾನು ಹುಟ್ಟಿಸಿದ ಜನಾಂಗಗಳು

ಇವತ್ತಿನವರೆಗೆ ನಾನು ಹದಿನೇಳು ಜನಾಂಗಗಳನ್ನು ಹುಟ್ಟಿಸಿದ್ದೇನೆ. ಮಗಳು ಒಬ್ಬಳೇ. ಹದಿನೇಳು ಜನಾಂಗಗಳೂ ಯುದ್ಧಕ್ಕೆ ಹೋಗಿ ಎಂದರೆ ಹೋಗುತ್ತವೆ, ನಿರ್ನಾಮವಾಗಿ ಎಂದರೆ ಚಕಾರವೆತ್ತದೆ ನಿರ್ನಾಮವಾಗುತ್ತವೆ. ಮಗಳು ಮಾತ್ರ ಊಟಕ್ಕೆ ಬಾ ಎಂದರೆ ‘ಐದು ನಿಮಿಷ ಅಪ್ಪ’ ಎಂದು ಮುಕ್ಕಾಲು ಗಂಟೆ ಮಾಡುತ್ತಾಳೆ.

ಹೊಟ್ಟೆಪಾಡಿಗೆ ನಾನು ಮಾಡುವ ಕೆಲಸವೇ ಇದು. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಟ್ಟಡದ ಆರನೇ ಮಹಡಿಯಲ್ಲಿ ಕಂಪ್ಯೂಟರ್ ಗೇಮ್ ತಯಾರಿಸುವ ಪುಟ್ಟ ಕಂಪನಿಯಿದೆ. ಕತ್ತಿ, ಮಾಟ, ಮಾತಾಡುವ ಬೆಟ್ಟ, ಇಂಥವೆಲ್ಲ ಇರುವ ಗೇಮುಗಳು. ಅವುಗಳಲ್ಲಿ ಬರುವ ಜನ ಎಲ್ಲಿಯವರು, ಏನುಡುತ್ತಾರೆ, ಯಾವ ದೇವರಿಗೆ ಹೆದರುತ್ತಾರೆ ಎಂದು ಬರೆಯುವವನು ನಾನು. ಇದನ್ನು ನೆಂಟರಿಗೆ ವಿವರಿಸುವ ಪ್ರಯತ್ನ ಬಿಟ್ಟು ವರ್ಷಗಳಾದವು. ಬೇಗೂರಿನ ನಮ್ಮ ಬೀದಿಯಲ್ಲಿ ಯಾರಾದರೂ ಕೇಳಿದರೆ ‘ಕಂಪ್ಯೂಟರ್ ಕೆಲಸ’ ಅನ್ನುತ್ತೇನೆ. ಅವರು ಗೌರವದಿಂದ ತಮ್ಮ ಕೆಟ್ಟುಹೋದ ಪ್ರಿಂಟರ್ ತಂದುಕೊಡುತ್ತಾರೆ.

ನಿಮ್ಮ ಹತ್ತಿರ ಮುಚ್ಚಿಡುವುದೇನು, ಆ ಹದಿನೇಳರಲ್ಲಿ ಒಂದೂ ನನ್ನ ಸ್ವಂತದ್ದಲ್ಲ. ಎಲ್ಲಾ ಕದ್ದ ಮಾಲು. ಈ ಕಸುಬಿನಲ್ಲಿ ಎಲ್ಲರೂ ಕದಿಯುವವರೇ. ಕುದುರೆಯ ಬೆನ್ನಮೇಲೇ ಹುಟ್ಟಿ ಅಲ್ಲೇ ಸಾಯುವ ಜನ ಗೇಮಿನಲ್ಲಿ ಬಂದರೆ, ಅವರನ್ನು ಮಧ್ಯ ಏಷ್ಯಾದ ಹುಲ್ಲುಗಾವಲಿನಿಂದ ಎತ್ತಿಕೊಂಡು ಬಂದಿದ್ದಾರೆ ಎಂದು ತಿಳಿಯಿರಿ. ಕೊಂಬಿನ ಟೊಪ್ಪಿಗೆ ಹಾಕಿಕೊಂಡು ದೋಣಿ ಹತ್ತುವವರು ಉತ್ತರ ಯೂರೋಪಿನವರು. ಪಾಪ, ನಿಜವಾದ ಆ ಜನ ಅಂಥ ಟೊಪ್ಪಿಗೆಯನ್ನೇ ಹಾಕುತ್ತಿರಲಿಲ್ಲವಂತೆ. ಯಾರೋ ಪುಣ್ಯಾತ್ಮರು ಒಮ್ಮೆ ಹಾಕಿಸಿದರು, ತೆಗೆಯಲು ಇನ್ನೂ ಯಾರಿಂದಲೂ ಆಗಿಲ್ಲ. ನಮ್ಮ ರಾಕ್ಷಸನೂ ಸಮುದ್ರ ದಾಟಿ ಹೋಗಿ, ಅಲ್ಲಿನವರ ಗೇಮುಗಳಲ್ಲಿ ಹುಲಿಯ ಮುಖ ಹೊತ್ತು, ರೇಷ್ಮೆ ನಿಲುವಂಗಿ ತೊಟ್ಟು ಹುಕ್ಕಾ ಸೇದುತ್ತಾ ಕೂತಿದ್ದಾನೆ. ಎದುರಿಗೆ ಸಿಕ್ಕರೆ ನಮ್ಮಜ್ಜಿ ಅವನನ್ನು ಯಾರೋ ಸಾಹುಕಾರರು ಎಂದುಕೊಂಡು ಮಣೆ ಹಾಕುತ್ತಿದ್ದಳು.

ನಮ್ಮ ಹಿಂದಿನವರೇನು ಕಡಿಮೆಯೇ? ಯಕ್ಷರು, ಕಿನ್ನರರು, ನಾಗರು ಎಂದು ಸಾಲುಸಾಲಾಗಿ ಹುಟ್ಟಿಸಿದರು. ನನಗೊಂದು ಗುಮಾನಿ. ಹಿಂದೆ ಯಾರೋ ಒಬ್ಬ ಕವಿ ಕಾಡಿನಂಚಿಗೆ ಹೋಗಿ, ದೂರದಲ್ಲಿ ಏಳುತ್ತಿದ್ದ ಹೊಗೆ ಕಂಡು, ‘ಅಲ್ಲಿ ರಾಕ್ಷಸರಿದ್ದಾರೆ’ ಎಂದು ಬರೆದುಕೊಂಡು ಓಡಿ ಬಂದಿರಬೇಕು. ಅಲ್ಲಿದ್ದವರು ತಮ್ಮ ಪಾಡಿಗೆ ತಾವು ಗೆಣಸು ಸುಟ್ಟುಕೊಳ್ಳುತ್ತಿದ್ದಿರಬಹುದು. ಹತ್ತು ಹೆಜ್ಜೆ ಮುಂದೆ ಹೋಗಿದ್ದರೆ ಕವಿಗೂ ಒಂದು ಗೆಣಸು ಸಿಗುತ್ತಿತ್ತು, ನಮಗೂ ಒಂದಿಷ್ಟು ಯುದ್ಧಗಳು ತಪ್ಪುತ್ತಿದ್ದವು.

ನನ್ನ ಕಳ್ಳತನಗಳಲ್ಲಿ ಅತ್ಯಂತ ಹೆಸರು ತಂದದ್ದು ಪೀಣ್ಯದ್ದು. ಗೇಮಿಗೆ ಬರುವ ಮೊದಲು ನಾನು ಬಾಗಲಗುಂಟೆಯಲ್ಲಿ ರೂಮು ಮಾಡಿಕೊಂಡು ಪೀಣ್ಯದಲ್ಲಿ ತಗಡು ಒತ್ತುವ ಒಂದು ಪ್ರೆಸ್ ಶಾಪಿನಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೆ. ಅಲ್ಲಿ ಯಂತ್ರಗಳ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ. ಎಲ್ಲರೂ ಕೈಯಲ್ಲೇ ಮಾತಾಡುತ್ತಿದ್ದರು. ಟೀ ಬಂತು, ಸೂಪರ್‌ವೈಸರ್ ಬಂದ, ಮಗಳಿಗೆ ಗಂಡು ಸಿಕ್ಕಿತು, ಎಲ್ಲಕ್ಕೂ ಕೈಸನ್ನೆ. ಮದುವೆಮನೆಗೆ ಹೋದರೂ ಅಭ್ಯಾಸ ಬಿಡದೆ ಪಂಕ್ತಿಯ ಈ ತುದಿಯಿಂದ ಆ ತುದಿಗೆ ‘ಪಾಯಸ ಚೆನ್ನಾಗಿಲ್ಲ’ ಎಂದು ಕೈಯಲ್ಲೇ ತಿಳಿಸುತ್ತಿದ್ದರು. ನಾನು ಪಾತಾಳದ ಕಮ್ಮಾರರ ಜನಾಂಗವೊಂದನ್ನು ಹುಟ್ಟಿಸಿ ಅವರಿಗೆ ಈ ಕೈಮಾತನ್ನು ಕೊಟ್ಟೆ. ದೂರದ ದೇಶದ ಆಟಗಾರನೊಬ್ಬ ‘ಎಂಥಾ ಅದ್ಭುತ ಕಲ್ಪನೆ!’ ಎಂದು ಬರೆದ. ನಾನು ಸಂಕೋಚವಿಲ್ಲದೆ ಬೀಗಿದೆ.

ಬೀಗಿದವನಿಗೆ ಕೊಂಬು ಬರುವುದು ಸಹಜ. ಹದಿನೇಳನೆಯ ಜನಾಂಗಕ್ಕಾಗಿ ನಾನು ಪೀಣ್ಯದವರೆಗೂ ಹೋಗಲಿಲ್ಲ, ನಮ್ಮ ಮನೆಯ ಮಹಡಿಯಿಂದಲೇ ಕದ್ದೆ.

ನಮ್ಮದು ಬೇಗೂರಿನ ಹಳೆಯ ಮನೆತನ. ಹೊಲ ಹೋಗಿ ಮನೆಯ ಮೇಲೆ ರೂಮುಗಳಾದವು. ಮಹಡಿಯ ರೂಮಿನಲ್ಲಿ ಕಲಬುರಗಿ ಕಡೆಯ ಮಹಾದೇವಿ ಮತ್ತು ಅವಳ ಗಂಡ ಇದ್ದಾರೆ. ಇಬ್ಬರಿಗೂ ಕಟ್ಟಡದ ಕೆಲಸ. ಹೋದ ಎಳ್ಳಮಾವಾಸ್ಯೆಯ ಬೆಳಿಗ್ಗೆ ನಾನು ಮಹಡಿಯ ಮೇಲೆ ಹಲ್ಲುಜ್ಜುತ್ತಾ ನಿಂತಿದ್ದಾಗ, ಪಕ್ಕದ ಖಾಲಿ ಸೈಟಿನಲ್ಲಿ ಹತ್ತು ಹನ್ನೆರಡು ಜನ ಸೇರಿದ್ದು ಕಂಡಿತು. ಐದು ಕಲ್ಲು ನಿಲ್ಲಿಸಿ ಸುಣ್ಣ ಹಚ್ಚಿ ಪೂಜೆ ಮಾಡಿದ್ದರು. ಹಸಿರು ಸೀರೆಯುಟ್ಟ ಮಹಾದೇವಿ ಬುಟ್ಟಿ ಹೊತ್ತು, ಸಜ್ಜೆರೊಟ್ಟಿ, ಕಾಳು ಸೊಪ್ಪಿನ ಭಜ್ಜಿ, ಕಡುಬು ಎಲ್ಲ ಕಲಸಿದ್ದನ್ನು ಸೈಟಿನ ಉದ್ದಗಲಕ್ಕೂ ಚೆಲ್ಲುತ್ತಾ ಏನೋ ಕೂಗುತ್ತಾ ನಡೆದಳು. ಹಿಂದೊಬ್ಬ ತಂಬಿಗೆಯಿಂದ ನೀರು ಚಿಮುಕಿಸುತ್ತಾ ಬಂದ. ಇದು ಚರಗ. ಪೈರು ಹೊತ್ತು ನಿಂತ ಭೂಮಿ ಬಸುರಿಯಂತೆ, ಅವಳಿಗೆ ಬಯಕೆಯ ಊಟ. ಅವರ ಹೊಲ ಊರಲ್ಲಿತ್ತು, ಅವರು ಇಲ್ಲಿದ್ದರು. ಹಾಗಾಗಿ ಯಾರದೋ ಸೈಟಿನ ಪಾರ್ಥೇನಿಯಂ ಗಿಡಗಳಿಗೆ ಆ ವರ್ಷ ಬಯಕೆಯ ಊಟ ಸಿಕ್ಕಿತು. ನಾನು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಫೋನಿನಲ್ಲಿ ಫೋಟೋ ಹೊಡೆದೆ.

ಆಗ ಆಫೀಸಿನಲ್ಲಿ ಮೊದಲ ಲೆವೆಲ್ಲಿಗೆ ಒಂದು ಶತ್ರು ಜನಾಂಗ ಬೇಕಾಗಿತ್ತು. ಮೊದಲ ಲೆವೆಲ್ಲಿನ ಶತ್ರುಗಳೆಂದರೆ ಆಟಗಾರ ಕತ್ತಿ ಬೀಸುವುದನ್ನು ಕಲಿಯಲು ಇರುವವರು. ತಲೆಗೆ ಹತ್ತು ಪಾಯಿಂಟು. ನಾನು ಹಿಂದುಮುಂದು ನೋಡದೆ ಬರೆದುಕೊಟ್ಟೆ: ‘ಹೊಲದಲ್ಲಿ ಅನ್ನ ಚೆಲ್ಲಿ ಭೂತಗಳನ್ನು ಎಬ್ಬಿಸುವ ಕ್ಷುದ್ರ ಜನ.’ ಜೊತೆಗೆ ಫೋಟೋ ಕೊಟ್ಟೆ. ನಮ್ಮಲ್ಲಿ ಚಿತ್ರಗಳಿಗೆ ಚಲನೆ ಕೊಡುವವಳು ರೇಷ್ಮಾ ಎಂಬ ಹುಡುಗಿ. ಬಹಳ ಶ್ರದ್ಧೆಯವಳು. ಅದೇ ಹಸಿರು ಸೀರೆ, ಅದೇ ಮೂಗುಬೊಟ್ಟು, ಬುಟ್ಟಿಯ ಭಾರಕ್ಕೆ ಸೊಂಟ ಒಂದು ಕಡೆ ವಾಲುವ ಅದೇ ನಡಿಗೆ, ಎಲ್ಲವನ್ನೂ ಇಳಿಸಿಬಿಟ್ಟಳು.

ಒಂದು ಭಾನುವಾರ ಮಹಾದೇವಿ ಕರಿಬೇವು ಕೇಳಲು ಕೆಳಗೆ ಬಂದಳು. ಮಗಳು ಲ್ಯಾಪ್‌ಟಾಪಿನಲ್ಲಿ ಇನ್ನೂ ಬಿಡುಗಡೆಯಾಗದ ನನ್ನ ಹೊಸ ಗೇಮ್ ಆಡುತ್ತಿದ್ದಳು. ‘ಬನ್ನಿ ಆಂಟಿ, ನಮ್ಮಪ್ಪ ಬರೆದಿದ್ದು’ ಎಂದು ಹೆಮ್ಮೆಯಿಂದ ಪಕ್ಕದಲ್ಲಿ ಕೂರಿಸಿಕೊಂಡಳು. ನಾನು ಪೇಪರ್ ಓದುತ್ತಿದ್ದೆ.

“ಅಯ್ಯ! ನಮ್ಮ ಚರಗ ಅಲ್ಲೇನ್ರಿ ಇದು?” ಮಹಾದೇವಿಯ ಮುಖ ಅರಳಿತು. “ನೋಡವಾ ತಂಗಿ, ಸೆರಗು ಹೆಂಗ ಸಿಗಿಸ್ಯಾಳ, ಥೇಟ್ ನನ್ನಂಗ!”

ನಾನು ಪೇಪರ್ ಇಳಿಸುವಷ್ಟರಲ್ಲಿ ಮಗಳ ವೀರ ಓಡಿಬಂದು ಕತ್ತಿ ಬೀಸಿದ. ಹಸಿರು ಸೀರೆಯವಳು ಬಿದ್ದಳು. ‘ಟಿಣ್’ ಎಂದು ಹತ್ತು ಪಾಯಿಂಟು ಎದ್ದವು.

“ಅಕಿನ್ನ ಯಾಕ ಕಡದಾ?” ಮಹಾದೇವಿ ಕೇಳಿದಳು.

“ಅವ್ರು ಕೆಟ್ಟೋರು ಆಂಟಿ. ಎನಿಮಿ.”

“ಏನ್ ಕೆಟ್ಟದ್ದು ಮಾಡ್ಯಾಳವಾ?”

ಮಗಳು ನನ್ನ ಕಡೆ ತಿರುಗಿದಳು. “ಅಪ್ಪಾ, ಏನ್ ಮಾಡಿದ್ದಾರೆ ಅವ್ರು?”

ಜನಾಂಗಗಳ ಬಗ್ಗೆ ಪುಟಗಟ್ಟಲೆ ಬರೆಯುವ ನಾನು ಪೇಪರನ್ನು ಮತ್ತೆ ಮುಖಕ್ಕೆ ಹಿಡಿದೆ. ‘ಸುಮ್ನೆ ಕತೆ ಕಣಮ್ಮ’ ಎಂದು ತೊದಲಿದೆ. ಮಹಾದೇವಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ವಾಸಿಯಿತ್ತು. ಕರಿಬೇವು ಸೆರಗಿಗೆ ಹಾಕಿಕೊಂಡು ಎದ್ದಳು.

“ಇರ್ಲಿ ಬಿಡ್ರಿ ಅಣ್ಣಾರ. ಆದ್ರ ಅಕಿ ಬುಟ್ಟಿ ಇನ್ನಾ ಅರ್ಧ ತುಂಬಿತ್ರಿ. ಚರಗ ನಡುವ ಬಿಡಬಾರದ್ರಿ” ಎಂದು ಮೆಟ್ಟಿಲು ಹತ್ತಿ ಹೋದಳು.

ಅವತ್ತಿನಿಂದ ಅವಳು ಗೇಟಿನ ಹತ್ತಿರ ನಿಂತು ಮಾತಾಡುವುದನ್ನು ಬಿಟ್ಟಳು. ಕೆಲಸದಿಂದ ಬಂದವಳು ತಲೆ ತಗ್ಗಿಸಿ ನೇರ ಮೇಲೆ ಹೋಗುತ್ತಿದ್ದಳು. ಮಗಳೂ ಆ ಲೆವೆಲ್ ಆಡುವುದನ್ನು ನಿಲ್ಲಿಸಿದಳು. ಮನೆಯಲ್ಲಿ ಯಾರೂ ಬೈಯದೆ ನಾನು ಅಷ್ಟು ಬೈಸಿಕೊಂಡದ್ದು ಅದೇ ಮೊದಲು. ಗೇಮ್ ಬಿಡುಗಡೆಗೆ ಹದಿನೈದು ದಿನ ಉಳಿದಿತ್ತು. ಅಷ್ಟರೊಳಗೆ ಸರಿ ಮಾಡದಿದ್ದರೆ ಊರೂರಿನ ಮಕ್ಕಳೆಲ್ಲ ಮಹಾದೇವಿಯನ್ನು ಕಡಿದೇ ಕತ್ತಿವರಸೆ ಕಲಿಯುತ್ತಿದ್ದರು.

ಆಫೀಸಿನಲ್ಲಿ ನನ್ನ ಮೇಲಿನವನು ನವೀನ. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. ನಡೆದದ್ದನ್ನೆಲ್ಲ ಅವನಿಗೆ ಹೇಳಿದೆ.

“ಸಾರ್, ಈಗ ಬಂದು ಎನಿಮೀನ ಒಳ್ಳೇವ್ರು ಮಾಡಿ ಅಂದ್ರೆ ಹೆಂಗ್ ಸಾರ್? ಆಟಗಾರ ಏನ್ ಮಾಡ್ತಾನೆ ಹಾಗಾದ್ರೆ?”

“ತಂಬಿಗೆ ಹಿಡ್ಕೊಂಡು ಅವರ ಹಿಂದೆ ನೀರು ಚಿಮುಕಿಸ್ತಾ ಹೋಗ್ತಾನೆ.”

“ಏನ್ ಸಿಗುತ್ತೆ?”

“ಏನೂ ಸಿಗಲ್ಲ.”

“ಏನೂ ಸಿಗ್ದೆ ಯಾರ್ ಸಾರ್ ಆಡ್ತಾರೆ?”

ನನಗೆ ರೇಗಿಹೋಯಿತು. “ಹಾಗಾದ್ರೆ ನೀವೇ ಬಂದು ಅವಳಿಗೆ ಹೇಳಿ, ಏನು ತಪ್ಪು ಮಾಡಿದ್ದಾಳೆ ಅಂತ” ಎಂದೆ. ನವೀನ ಕೆಟ್ಟವನಲ್ಲ. ಪೆನ್ನು ಕೆಳಗಿಟ್ಟು, “ಕರ್ಕೊಂಡ್ ಬನ್ನಿ ಸಾರ್, ಕೇಳೋಣ” ಎಂದ.

ಕರೆಯಲು ಮೆಟ್ಟಿಲು ಹತ್ತಿದೆ. ಸ್ವಂತ ಮನೆಯ ಮೆಟ್ಟಿಲು ಅಷ್ಟು ಕಡಿದಾಗಿದೆ ಎಂದು ಗೊತ್ತಿರಲಿಲ್ಲ. ಹೇಳದೆ ಕೇಳದೆ ಫೋಟೋ ತೆಗೆದದ್ದು ತಪ್ಪಾಯಿತು ಎಂದು ಒಪ್ಪಿಕೊಂಡೆ. ಅವಳು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ನಕ್ಕಳು.

“ನಂಗ ಗೊತ್ತಿತ್ರಿ. ಊಟಕ್ಕ ಬರ್ರಿ ಅಂತ ಅವತ್ತ ಕೈ ಮಾಡಿದ್ನಿ. ನೀವು ಗ್ವಾಡಿ ಹಿಂದ ಬಾಗಿ ಕುಂತ್ರಿ.”

ಹೌದು. ಬಾಗಿ ಕೂತಿದ್ದೆ. ಸಿಕ್ಕಿಬಿದ್ದೆ ಎಂದುಕೊಂಡು, ಬಾಯ ತುಂಬ ನೊರೆ ಇಟ್ಟುಕೊಂಡು, ಐದು ನಿಮಿಷ ಗೋಡೆಗೆ ಅಂಟಿ ಕೂತಿದ್ದೆ. ಆ ಹಳೇ ಕವಿ ಹೊಗೆ ಕಂಡು ಓಡಿದ್ದಕ್ಕೆ ನಾನು ಆಡಿಕೊಂಡೆನಲ್ಲ. ಅವನನ್ನಾದರೂ ಯಾರೂ ಊಟಕ್ಕೆ ಕರೆದಿರಲಿಲ್ಲ.

ಶನಿವಾರ ಮಹಾದೇವಿ ಕೆಲಸಕ್ಕೆ ರಜೆ ಹಾಕಿ, ಇಸ್ತ್ರಿ ಮಾಡಿದ ಸೀರೆಯುಟ್ಟು ಆಫೀಸಿಗೆ ಬಂದಳು. ಮೊದಲ ಹತ್ತು ನಿಮಿಷ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಆಮೇಲೆ ನಮ್ಮನ್ನೆಲ್ಲ ಮೇಸ್ತ್ರಿಯ ಹಾಗೆ ಕೆಲಸಕ್ಕೆ ಹಚ್ಚಿದಳು.

“ಹಂಗ ಕಲ್ಲ ಒಗದಂಗ ಒಗೀಬ್ಯಾಡ್ರಿ. ಬಸುರಿಗೆ ಉಣ್ಣಸೋ ಅನ್ನ ಅದು. ಕೈ ಕೆಳಗ ಬರ್ಲಿ.” ರೇಷ್ಮಾ ಕೈ ಕೆಳಗೆ ತಂದಳು. “ನಾಕೂ ಮೂಲಿಗೆ ಹೋಗ್ಬೇಕವಾ, ಮೂಲಿ ಬಿಟ್ರ ಹೆಂಗ?” ರೇಷ್ಮಾ ನಾಲ್ಕೂ ಮೂಲೆಗೆ ನಡೆಸಿದಳು. ಪರದೆಯ ಮೇಲೆ ಬುಟ್ಟಿ ಪೂರ್ತಿ ಬರಿದಾದಾಗ ಮಹಾದೇವಿ ‘ಹಾಂ, ಈಗ ಆತು’ ಎಂದು ನಿಟ್ಟುಸಿರು ಬಿಟ್ಟಳು.

ನವೀನ ತಡೆಯಲಾರದೆ ಕೇಳಿದ. “ಎಲ್ಲಾ ಸರಿ ಅಕ್ಕಾ. ಇಷ್ಟೆಲ್ಲಾ ಸುತ್ತಿದ ಮೇಲೆ ಆ ನೀರು ಹಾಕ್ದೋನಿಗೆ ಏನ್ ಸಿಗುತ್ತೆ?”

“ಊಟ ಸಿಗ್ತದಲ್ಲೋ ತಮ್ಮಾ! ಚರಗ ಚೆಲ್ಲಿದ ಮ್ಯಾಲ ಎಲ್ಲಾರೂ ಹೊಲದಾಗ ಪಂಕ್ತಿ ಹಾಕಿ ಉಣ್ಣಾದು. ಹಾದಿ ಮ್ಯಾಲ ಹೋಗಾವ್ರನ್ನೂ ಕರೀತೀವಿ.”

ನವೀನನ ಕಣ್ಣು ಹೊಳೆಯಿತು. “ಊಟ ಮಾಡಿದ್ರೆ ಶಕ್ತಿ ಫುಲ್! ಸಕ್ಕತ್ತಾಗಿದೆ ಸಾರ್, ಇದನ್ನ ಮೊದ್ಲೇ ಹೇಳ್ಬಾರ್ದಾ?” ಎಂದು ನನ್ನ ಮೇಲೇ ಹರಿಹಾಯ್ದ. ಮೊದಲೇ ಹೇಳಲು ನನಗೆ ಗೊತ್ತಿದ್ದರಲ್ಲವೇ? ಗೊತ್ತಾಗಬೇಕಾಗಿದ್ದ ಹೊತ್ತಿನಲ್ಲಿ ನಾನು ಗೋಡೆಯ ಹಿಂದಿದ್ದೆ.

ಪರದೆಯ ಮೇಲೆ ಪಂಕ್ತಿ ಹಾಕಿಸಿದ್ದಾಯಿತು. ಎಲ್ಲರೂ ಕೂತರು. ವೀರ ಮಾತ್ರ ಕತ್ತಿ ಎತ್ತಿಕೊಂಡು ಹೊಲದ ನಡುವೆ ಕಂಬದ ಹಾಗೆ ನಿಂತಿದ್ದ.

“ಅಂವ ಯಾಕ ನಿಂತಾನ? ಅವನ್ನೂ ಕುಂದ್ರಸ್ರಿ” ಎಂದಳು ಮಹಾದೇವಿ.

“ಅವ್ನಿಗೂ ಊಟಾನಾ ಆಂಟಿ? ಅವ್ನು ನಿಮ್ಮನ್ನ ಹೊಡೆಯೋಕೆ ಬಂದೋನು” ಎಂದಳು ರೇಷ್ಮಾ.

“ಬಂದಾನಲ್ಲ. ಅಮಾಸಿ ದಿನ ಬಂದಾಂವ್ನ ಹಸದ ಹೆಂಗ ಕಳಸೂದು?”

ರೇಷ್ಮಾ ಅವನನ್ನು ಕೂರಿಸಿದಳು. ಕತ್ತಿ ಎಲೆಯನ್ನು ಸೀಳಿಕೊಂಡು ಪಕ್ಕದವನ ತೊಡೆಯೊಳಗೆ ಹೋಯಿತು. ಕೈ ಬದಲಿಸಿದಳು, ಆ ಪಕ್ಕದವನಿಗೆ ಚುಚ್ಚಿತು. ಏನೇನೋ ಒತ್ತಿ ನೋಡಿ ಕೊನೆಗೆ ಕೈ ಚೆಲ್ಲಿದಳು. “ಸಾರ್, ಇವ್ನಿಗೆ ಕತ್ತಿ ಎತ್ತೋಕೆ ಹನ್ನೊಂದು ಥರ ಬರುತ್ತೆ. ಕೆಳಗಿಡೋಕೆ ಬರಲ್ಲ. ನಾವ್ ಮಾಡೇ ಇಲ್ಲ.”

ನಿಜ, ಇಷ್ಟು ವರ್ಷಗಳಲ್ಲಿ ಯಾರೂ ಅದನ್ನು ಬರೆದುಕೊಟ್ಟಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

“ಬದುವಿನ ಮ್ಯಾಲ ಇಟ್ಟು ಬರ್ಲಿ ಬಿಡ್ರಿ” ಎಂದಳು ಮಹಾದೇವಿ. “ಯಾರ್ ಒಯ್ತಾರ ಅದನ್ನ?”

ರೇಷ್ಮಾಗೆ ಎರಡು ದಿನ ಹಿಡಿಯಿತು. ಕತ್ತಿ ಎತ್ತುವುದಕ್ಕಿಂತ ಇಳಿಸುವುದು ಕಷ್ಟವಂತೆ. ಭುಜ ತಗ್ಗಬೇಕು, ಬೆನ್ನು ಬಾಗಬೇಕು, ಬೆರಳುಗಳು ಒಂದೊಂದಾಗಿ ಬಿಡಬೇಕು. ಮೂರನೆಯ ದಿನ ನಾವೆಲ್ಲ ಅವಳ ಕುರ್ಚಿಯ ಹಿಂದೆ ಗುಂಪುಗೂಡಿದೆವು. ವೀರ ಬಗ್ಗಿ ಕತ್ತಿಯನ್ನು ಬದುವಿನ ಮೇಲಿಟ್ಟ. ಪಂಕ್ತಿಯಲ್ಲಿ ಬಂದು ಕೂತ. ಬರಿಗೈಯನ್ನು ಏನು ಮಾಡಬೇಕೆಂದು ತೋಚದೆ ಅದನ್ನೇ ನೋಡಿಕೊಳ್ಳುತ್ತಿದ್ದ. ಅಷ್ಟರಲ್ಲಿ ಹಸಿರು ಸೀರೆಯವಳು ಬಂದು ಅದರಲ್ಲಿ ಒಂದು ರೊಟ್ಟಿ ಇಟ್ಟಳು.