ಶೋರೂಮಿನಿಂದ ಎದ್ದು ಬಂದ ಮೇಲೆ

ಹೋದ ವರ್ಷ ದಸರೆಗೆ ಹತ್ತು ದಿನ ಇದ್ದಾಗಿನ ಮಾತು. ನಾನು ಔರಾದಿನ ಒಂದು ಪಿಯು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಅವ್ವನಿಗೆ ಮೊಣಕಾಲು ನೋವು. ತಿಂಗಳಿಗೊಮ್ಮೆ ಬೀದರಿನ ಡಾಕ್ಟರ ಹತ್ತಿರ ಹೋಗಬೇಕು. ಬಸ್ಸಿನ ಮೊದಲ ಮೆಟ್ಟಿಲು ಹತ್ತಬೇಕೆಂದರೆ ಹಿಂದಿನಿಂದ ಒಬ್ಬರು ಎತ್ತಬೇಕು. ಒಂದು ದಿನ ಅವಳು ಪೂರ್ತಿ ಹತ್ತುವ ಮೊದಲೇ ಬಸ್ಸು ಹೊರಟು, ಬಾಗಿಲಲ್ಲೇ ಮುಗ್ಗರಿಸಿದಳು. ಸಣ್ಣದೊಂದು ಕಾರು ತೆಗೆದುಕೊಳ್ಳಲೇಬೇಕೆಂದು ಅವತ್ತೇ ನಿರ್ಧರಿಸಿದೆ.

ಚೌಕಾಶಿ ಮಾಡುವುದು ನನಗೆ ಬರುವುದಿಲ್ಲ. ಅದಕ್ಕೇ ಭಾಲ್ಕಿಯಿಂದ ಶಿವರಾಜಣ್ಣನನ್ನು ಕರೆಸಿದೆ. ಅವನು ನಮ್ಮ ದೊಡ್ಡಪ್ಪನ ಮಗ, ಸಿಮೆಂಟ್ ಅಂಗಡಿ ಇಟ್ಟಿದ್ದಾನೆ. ಮದುವೆ ಬಟ್ಟೆಯಿಂದ ಬೋರ್‌ವೆಲ್ ಮೋಟರಿನವರೆಗೆ ನಮ್ಮ ಮನೆತನದಲ್ಲಿ ಅವನಿಲ್ಲದೆ ಖರೀದಿ ಆಗುವುದಿಲ್ಲ. ದಾರಿಯಲ್ಲೇ ನನಗೆ ಹೇಳಿಕೊಟ್ಟ: "ನೀ ಬಾಯಿ ತೆರಿಬ್ಯಾಡ. ನಾ ಎದ್ದೆ ಅಂದ್ರ ನೀನೂ ಏಳು. ಗೇಟ್ ದಾಟೋದ್ರಾಗ ಅವರೇ ಕರೀತಾರ."

ಬೀದರಿನ ಶೋರೂಮಿನಲ್ಲಿ, ಜೊತೆಗೆ ಬಂದಿದ್ದ ಅವ್ವನನ್ನು ಸೋಫಾದ ಮೇಲೆ ಕೂರಿಸಿದೆವು. ಅಂಬಿಕಾ ಎಂಬ ಹುಡುಗಿ ಗಾಡಿ ತೋರಿಸಿದಳು. ಬೆಳ್ಳಿ ಬಣ್ಣದ್ದು ನಮಗೆ ಹಿಡಿಸಿತು. ಆ ಬಣ್ಣದಲ್ಲಿ ಸಿದ್ಧ ಇದ್ದದ್ದು ಅದೊಂದೇ, ಮುಂದಿನದು ದೀಪಾವಳಿ ಆದ ಮೇಲೆ. ಅವಳು ಒಂದು ಹಾಳೆಯಲ್ಲಿ ಲೆಕ್ಕ ಬರೆದು, ಕೊನೆಗೆ ಹದಿನೈದು ಸಾವಿರ ಕಡಿಮೆ ಮಾಡಿದಳು.

"ಐವತ್ತು ಬಿಡ್ರಿ. ಹೈದರಾಬಾದಿನಾಗ ಅರವತ್ತು ಬಿಡ್ಲತ್ತಾರ," ಎಂದ ಶಿವರಾಜಣ್ಣ. ನಮ್ಮಲ್ಲಿ ಯಾರೂ ಹೈದರಾಬಾದಿನಲ್ಲಿ ವಿಚಾರಿಸಿರಲಿಲ್ಲ.

"ಇದರ ಮ್ಯಾಲ ನನ್ನ ಕೈಯಾಗ ಇಲ್ರಿ ಸರ್."

ಶಿವರಾಜಣ್ಣ ಎದ್ದ. ನಾನೂ ಎದ್ದೆ. ಅವ್ವ ಮಾತ್ರ ಸೋಫಾ ಬಿಟ್ಟು ಏಳಲಿಲ್ಲ. "ನನ್ನ ಕಾಲು ಈಗ ಜರಾ ಆರಾಮ ಆಗ್ಯಾವ. ನೀವು ಹೋಗಿ ಬರ್ರಿ," ಎಂದಳು.

"ಕಾಕಿ ಎಲ್ಲಾ ಕೆಡಿಸಿದಳು ನೋಡು," ಎಂದು ಅಣ್ಣ ಹೊರಗೆ ಬಂದು ಗೊಣಗಿದ.

ಗೇಟ್ ದಾಟಿದೆವು. ಯಾರೂ ಕರೆಯಲಿಲ್ಲ. ರಸ್ತೆಯ ಆಚೆ ಚಹಾದ ಅಂಗಡಿಯಲ್ಲಿ ಕುಳಿತು, ಫೋನನ್ನು ಮುಂದಿಟ್ಟುಕೊಂಡು ಎರಡೆರಡು ಚಹಾ ಕುಡಿದೆವು. ಅರ್ಧ ಗಂಟೆ ಆಯಿತು. ಅಷ್ಟರಲ್ಲಿ ಗಂಡ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಆಟೋದಿಂದ ಇಳಿದು ಒಳಗೆ ಹೋದರು. ಗಾಜಿನಿಂದ ಎಲ್ಲ ಕಾಣುತ್ತಿತ್ತು. ಅವರು ನೆಟ್ಟಗೆ ಹೋಗಿ ಆ ಬೆಳ್ಳಿ ಬಣ್ಣದ ಗಾಡಿಯ ಸುತ್ತ ನಿಂತರು.

ನಾನು ಎದ್ದೆ. ಅಣ್ಣ ಕೈ ಹಿಡಿದ. "ಈಗ ಹೋದ್ರ ಮಾನ ಹೋಗ್ತದ."

"ಹೋಗ್ಲಿ ಬಿಡಣ್ಣ," ಎಂದೆ. ಅವನ ಮಾತು ಮೀರಿದ್ದು ಅದೇ ಮೊದಲು.

ಒಳಗೆ ಅವ್ವ ಕನ್ನಡಕ ಹಾಕಿಕೊಂಡು, ಅಂಬಿಕಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆ ಹಾಳೆ ಓದಿಸುತ್ತಿದ್ದಳು. ಅವ್ವ ಔರಾದಿನಲ್ಲಿ ಮೂವತ್ತು ವರ್ಷ ಬ್ಲೌಸ್ ಹೊಲಿದವಳು.

"ಇದು ಯಾತರದ್ದವ್ವಾ?" ಎಂದು ಒಂದು ಸಾಲಿನ ಮೇಲೆ ಬೆರಳಿಟ್ಟು ಹುಡುಗಿಯನ್ನು ಕೇಳಿದಳು.

"ಸೀಟ್ ಕವರು, ಮ್ಯಾಟು, ಬಾಗಿಲಿಗಿ ಹಚ್ಚೋ ಪಟ್ಟಿರಿ."

"ಇವಿಲ್ಲಂದ್ರ ಗಾಡಿ ನಡಿಯಂಗಿಲ್ಲೇನು?"

"ನಡೀತದ್ರಿ ಅಮ್ಮ."

"ಮತ್ತ ತೆಗಿ. ಲೈನಿಂಗ್ ಬ್ಯಾಡ ಅಂದೋರ ಕಡಿಂದ ನಾ ಲೈನಿಂಗ್ ರೊಕ್ಕ ತಗೊಳ್ಳಂಗಿಲ್ಲ."

ಹುಡುಗಿ ನಕ್ಕು ಗೀಟು ಹಾಕಿದಳು. ಅದರ ಕೆಳಗೆ 'ಹ್ಯಾಂಡ್ಲಿಂಗ್' ಎಂದು ಇತ್ತು. ಅದೇನೆಂದು ಅವ್ವ ಕೇಳಿದಳು. ಹುಡುಗಿ ಮ್ಯಾನೇಜರ ಕೋಣೆಗೆ ಹೋಗಿ ಬಂದು ಅದನ್ನೂ ಹೊಡೆದುಹಾಕಿದಳು. ಇನ್ಶೂರೆನ್ಸನ್ನು ಹೊರಗೂ ಮಾಡಿಸಬಹುದು, ಕೇಳಿದವರಿಗೆ ನಾವೇ ಕಡಿಮೆ ಮಾಡುತ್ತೇವೆ ಎಂದಳು. ಅವ್ವ ಕೇಳಿದಳು. ಕೂಡಿಸಿ ನೋಡಿದರೆ, ಮೊದಲಿನ ಹದಿನೈದೂ ಸೇರಿ, ಅಣ್ಣ ಕೇಳಿದ ಐವತ್ತಕ್ಕಿಂತ ಎರಡು ಸಾವಿರ ಹೆಚ್ಚೇ ಇಳಿದಿತ್ತು.

"ಆ ಗಾಡಿ?" ಎಂದೆ, ಆ ಸಂಸಾರದ ಕಡೆ ನೋಡುತ್ತ.

"ಅದು ನಿಮ್ಮದೇರಿ. ಅಮ್ಮಾರು ಆಗಲೇ ಹಿಡಿದಿಡು ಅಂದಾರ. ಮಕ್ಕಳು ಚಾ ಕುಡಿಲಾಕ ಹೋಗ್ಯಾರ, ಬರ್ತಾರ ಅಂದ್ರು. ಅದಕ್ಕ ನಾವು ಫೋನ್ ಮಾಡಲಿಲ್ರಿ."

ಹಿಂದೆ ಬಂದು ನಿಂತಿದ್ದ ಶಿವರಾಜಣ್ಣ ಕೆಮ್ಮಿದ. ನಾನು ಅಂಬಿಕಾಳನ್ನು ಕೇಳಿದೆ: "ಇದೆಲ್ಲ ನಮಗ್ಯಾಕ ಹೇಳಲಿಲ್ಲ?"

"ನೀವು ಕೇಳಲೇ ಇಲ್ರಿ ಸರ್. ಬಿಡು, ಬಿಡು ಅಂದ್ರಿ ಅಷ್ಟೇ."

ದಸರೆಗೆ ಗಾಡಿ ಮನೆಗೆ ಬಂತು. ಕಾಲೇಜಿನಲ್ಲಿ ಪೇಢೆ ಹಂಚುವಾಗ ಇಷ್ಟು ಹ್ಯಾಂಗ ಇಳಿಸಿದ್ರಿ ಎಂದು ಎಲ್ಲರೂ ಕೇಳಿದರು. "ಒಂದೊಂದೇ ಸಾಲು ಹಿಡಿದು ಕೇಳಿದೆ," ಎಂದೆ. ಅವ್ವ ಕೇಳಿದಳು ಎನ್ನಲಿಲ್ಲ. ಚಹಾದ ಅಂಗಡಿಯ ಸುದ್ದಿಯನ್ನೂ ಎತ್ತಲಿಲ್ಲ. ಆಮೇಲೆ ಮೂವರು ಸಹೋದ್ಯೋಗಿಗಳು ಗಾಡಿ ಕೊಳ್ಳಲು ನನ್ನನ್ನೇ ಕರೆದುಕೊಂಡು ಹೋಗಿದ್ದಾರೆ. ವ್ಯವಹಾರ ಗೊತ್ತಿರೋ ಮನುಷ್ಯ ಎನ್ನುತ್ತಾರೆ. ಹಾಗೆ ಅಂದಾಗಲೆಲ್ಲ ನಾನು ಮಾತು ಬದಲಿಸುತ್ತೇನೆ.

ಈ ಪತ್ರಿಕೆ ನಮ್ಮ ಸ್ಟಾಫ್ ರೂಮಿಗೂ ಬರುತ್ತದೆ. ಬಾಯಿಬಿಟ್ಟು ಹೇಳಲು ಆಗದೆ ಇಲ್ಲಿ ಬರೆದಿದ್ದೇನೆ.